ಸಿವಾಸಿನ ಹೇಸರಗತ್ತೆ

ನನ್ನ ಷಡ್ಡಕ ಮುಹಿತ್ತಿನ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಬೇರೆ ತೀರ್ಮಾನಕ್ಕೆ ಬರುವ ಸಂಭವವಿದೆ. ಅವನ ತೊಂದರೆ ಇಷ್ಟೆ: ಎದುರಿಗಿದ್ದವರು ಮಾತಿನ ನಡುವೆ ಒಂದು ಕ್ಷಣ ಸುಮ್ಮನಾದರೆ ಅವನಿಗೆ ತಡೆಯುವುದಿಲ್ಲ. ಆ ಖಾಲಿ ಜಾಗದಲ್ಲಿ ಬಾಯಿಗೆ ಬಂದದ್ದನ್ನು ತುಂಬಿಬಿಡುತ್ತಾನೆ. ಇಸ್ತಾಂಬುಲಿನ ಎಯುಪ್ ಪೇಟೆಯಲ್ಲಿ ಅವನದೊಂದು ಗುಂಡಿ, ದಾರ, ಝಿಪ್ಪಿನ ಅಂಗಡಿ. ದಿನವಿಡೀ ಹೆಂಗಸರು ಗುಂಡಿಯ ಬಣ್ಣ ಹೊಂದಿಸುತ್ತ ಮೌನವಾಗಿ ನಿಂತಿರುತ್ತಾರೆ. ಆ ಮೌನಗಳನ್ನು ತುಂಬಿ ತುಂಬಿ ಅವನ ಬಾಯಿಗೆ ಈ ಅಭ್ಯಾಸ ಹತ್ತಿತೆಂದು ನನ್ನ ಊಹೆ.

ಅವನ ಮಗಳು ಬೆಲ್ಗಿನ್ ಓದುವಾಗಲೇ ಓರ್ಹುನ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಮನೆ ಎಸ್ಕಿಶೆಹಿರ್ ಊರಲ್ಲಿ. ಎರಡೂ ಕಡೆಯ ಹಿರಿಯರು ಒಟ್ಟಿಗೆ ಕೂತು ಒಂದು ಊಟ ಮಾಡಿ, ಮುಖ ನೋಡಿ, ಮಾತು ಮುಗಿಸಬೇಕಿತ್ತು. ಅದಕ್ಕಾಗಿ ಹುಡುಗನ ತಾಯಿ ದುರ್ದಾನೆ ಹಾನಿಮ್ ಒಂದು ದಿನ ಫೋನ್ ಮಾಡಿದರು. ಮುಹಿತ್ತಿನ್ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ನಾನು, ನನ್ನ ಹೆಂಡತಿ ನೆರ್ಮಿನ್, ಅವಳ ಅಕ್ಕ ಎಂದರೆ ಮುಹಿತ್ತಿನ್‌ನ ಹೆಂಡತಿ ಮುಝೆಯ್ಯೆನ್, ಎಲ್ಲ ಸುತ್ತ ಕೂತಿದ್ದೆವು.

"ಭಾನುವಾರ ಬರ್ತೀವಿ ಮುಹಿತ್ತಿನ್ ಬೇ," ಎಂದರು ದುರ್ದಾನೆ ಹಾನಿಮ್. "ನಮ್ಮವರಿಗೆ ಒಂದೇ ಆಸೆ. ಫಾತಿಹ್‌ನಲ್ಲಿ ಕಮಾನುಗಳ ಪಕ್ಕ ವೆಯ್ಸೆಲ್ ಉಸ್ತಾದ್ ಹೋಟ್ಲಿದೆಯಂತಲ್ಲ, ಹೊಂಡದಲ್ಲಿ ಕುರಿ ಸುಡ್ತಾರಂತಲ್ಲ, ಅಲ್ಲೇ ಊಟ ಮಾಡೋಣ ಅಂತಾರೆ. ಆದ್ರೆ ಅಲ್ಲಿ ಮುಂಚೆ ಹೇಳಿ ಜಾಗ ಹಿಡಿಯೋ ಹಾಗಿಲ್ವಂತೆ. ಸಾಲು ಬೀದಿ ತುದೀವರ್ಗೂ ಇರುತ್ತಂತೆ. ನಮ್ಮವರ ಮಂಡಿ ಬೇರೆ ನೋವು..."

ಇಲ್ಲಿ ಆ ತಾಯಿ ಒಂದು ಕ್ಷಣ ಸುಮ್ಮನಾದರು.

"ಸಾಲಾ? ನಮಗಾ?" ಎಂದ ಮುಹಿತ್ತಿನ್. "ವೆಯ್ಸೆಲ್ ನನ್ನ ಸೈನ್ಯದ ಗೆಳೆಯ ಕಣಮ್ಮಾ! ಒಂದೇ ತಟ್ಟೇಲಿ ಉಂಡವರು ನಾವು!"

ಮುಝೆಯ್ಯೆನ್ ತನ್ನ ಗಂಡನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ. ನಮ್ಮ ದೇಶದಲ್ಲಿ ಗಂಡಸರೆಲ್ಲ ಒಂದಷ್ಟು ಕಾಲ ಸೈನ್ಯದಲ್ಲಿ ಇದ್ದು ಬರಲೇಬೇಕು. ಅಲ್ಲಿ ಸಿಕ್ಕ ಗೆಳೆಯ ಎಂದರೆ ಒಡಹುಟ್ಟಿದವನಿಗಿಂತ ಒಂದು ಮೆಟ್ಟಿಲು ಮೇಲೆ. ಒಡಹುಟ್ಟಿದವನು ಪಾಲು ಕೇಳುತ್ತಾನೆ, ಸೈನ್ಯದ ಗೆಳೆಯನಿಗೆ ಹಳೆಯ ಕಥೆ ನೆನಪಿಸಿದರೆ ಸಾಕು, ಪ್ರಾಣ ಕೊಡುತ್ತಾನೆ. ಆದ್ದರಿಂದಲೇ ಆ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಮುಹಿತ್ತಿನ್ ಇಸ್ಪಾರ್ತಾದಲ್ಲಿ ಸೈನ್ಯದ ದರ್ಜಿಖಾನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿದು ಬಂದವನು. ವೆಯ್ಸೆಲ್ ಉಸ್ತಾದನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಆಹಾ, ಸೈನ್ಯದ ಗೆಳೆಯರಾ!" ದುರ್ದಾನೆ ಹಾನಿಮ್ ದನಿ ಅರಳಿತು. "ನಮ್ಮವರಿಗೆ ಇದು ಕೇಳಿದ್ರೆ ಎಷ್ಟು ಖುಷಿಯಾಗುತ್ತೋ. ಗೊತ್ತಲ್ಲ, ಅವ್ರು ಸುಬೇದಾರರಾಗಿ ನಿವೃತ್ತರಾದವ್ರು."

ಗೊತ್ತಿತ್ತು. ಹುಡುಗನ ತಂದೆ ಸಾಬಿತ್ ಬೇ ಅವರ ವಿಷಯ ನಮಗೆ ಇನ್ನೂ ಒಂದು ಗೊತ್ತಿತ್ತು. ಅವರ ಹಿರಿಯ ಮಗನಿಗೆ ಮೊದಲು ಗೊತ್ತುಮಾಡಿದ್ದ ಹೆಣ್ಣಿನ ಅಪ್ಪ ಸಿಗರೇಟು ಬಿಟ್ಟಿದ್ದೇನೆ ಎಂದು ಹೇಳಿ, ಆಮೇಲೆ ಬಚ್ಚಲಿನಲ್ಲಿ ಸೇದುತ್ತ ಸಿಕ್ಕಿಬಿದ್ದಿದ್ದ. ಸಾಬಿತ್ ಬೇ ಅವತ್ತೇ ಉಂಗುರ ವಾಪಸು ಕಳಿಸಿದ್ದರು. ಸುಳ್ಳು ಹೇಳುವ ಮನೆಯ ನೀರೂ ಮುಟ್ಟಬಾರದೆಂಬುದು ಅವರ ಸಿದ್ಧಾಂತ.

ಫೋನ್ ಇಟ್ಟ ಮೇಲೆ ಬೆಲ್ಗಿನ್ ಕೇಳಿದಳು: "ಅಪ್ಪಾ, ಆ ಉಸ್ತಾದ್ ನಿಮಗೆ ನಿಜವಾಗ್ಲೂ ಗೊತ್ತಾ?"

"ಗೊತ್ತು ಮಾಡ್ಕೊಂಡ್ರಾಯ್ತು ಮಗಳೇ," ಎಂದ ಅವಳಪ್ಪ.

ಗೊತ್ತು ಮಾಡಿಕೊಳ್ಳಲು ಅವನು ನನ್ನನ್ನೂ ಎಳೆದುಕೊಂಡು ವಾರದ ನಡುವೆ ಒಂದು ಮಧ್ಯಾಹ್ನ ಹೋಟೆಲಿಗೆ ಹೋದ. ವೆಯ್ಸೆಲ್‌ನನ್ನು ಮೂಲೆಗೆ ಕರೆದು, ಮಗಳ ವಿಷಯ ಹೇಳಿ, ಭಾನುವಾರ ಒಂದೇ ಒಂದು ಸಲ ಗೆಳೆಯನಂತೆ ನಟಿಸಪ್ಪಾ ಎಂದು ಕೈಮುಗಿಯುವುದೆಂದು ಯೋಚನೆ. ಸಾಲಿನಲ್ಲಿ ನಿಂತು ಒಳಗೆ ಸೇರಿದೆವು. ವೆಯ್ಸೆಲ್ ಹೊಂಡದ ಬಾಯಲ್ಲಿ ಬಗ್ಗಿ ಇಡೀ ಇಡೀ ಕುರಿಗಳನ್ನು ಮೇಲಕ್ಕೆಳೆಯುತ್ತಿದ್ದ. ನಮಗೆ ಕಂಡದ್ದು ಅವನ ಅಗಲವಾದ ಬೆನ್ನು ಮಾತ್ರ. ಮಾಂಸ ಬಂತು. ಮುಹಿತ್ತಿನ್ ತಿಂದ.

"ಈಗ ಹೋಗಿ ಕೇಳು," ಎಂದೆ.

"ಕೈ ಜಿಡ್ಡಾಗಿದೆ," ಎಂದು ಇನ್ನೊಂದು ತಟ್ಟೆ ತರಿಸಿದ.

ಆ ಎರಡನೆಯ ತಟ್ಟೆಯ ಹೊತ್ತಿಗೆ ಗೋಡೆಯ ಮೇಲಿನ ಚಿತ್ರ ಅವನ ಕಣ್ಣಿಗೆ ಬಿತ್ತು. ಸೊಂಟದವರೆಗೆ ಹಿಮ. ಅದರ ನಡುವೆ ಬಂದೂಕು ಹಿಡಿದ, ಮೀಸೆಯ ಒಬ್ಬ ಜವಾನ. ಬಡಿಸುವವನನ್ನು ಕೇಳಿದಾಗ, "ನಮ್ಮ ಯಜಮಾನ್ರು, ಸಿವಾಸಿನಲ್ಲಿ ಸೈನ್ಯದಲ್ಲಿದ್ದಾಗ," ಎಂದ. ಅಷ್ಟು ಸಾಕಾಯಿತು. ಮುಹಿತ್ತಿನ್ ಕೈ ತೊಳೆದು ಎದ್ದುಬಿಟ್ಟ.

"ಕೇಳಲ್ವೇನಯ್ಯಾ?"

"ಏನಕ್ಕೆ ಕೇಳ್ಬೇಕು? ಸೈನ್ಯದಲ್ಲಿ ಸಾವಿರ ಜನ ಇರ್ತಾರೆ. ಯಾರಿಗೆ ಯಾರ ನೆನಪಿರುತ್ತೆ? ನಾನು ಸಿವಾಸ್ ಅಂತೀನಿ, ಅವನು ಇಲ್ಲ ಅನ್ನೋಕಾಗುತ್ತಾ? ಸೈನ್ಯದ ಗೆಳೆಯನ್ನ ಮರ್ತೆ ಅಂತ ಯಾವ ಗಂಡಸು ತಾನೇ ಬಾಯ್ಬಿಟ್ಟು ಹೇಳ್ತಾನೆ?"

ಒಪ್ಪಿಕೊಳ್ಳಲೇಬೇಕು, ನನ್ನ ಷಡ್ಡಕನ ಬಾಯಿಂದ ಬಂದ ಮಾತುಗಳಲ್ಲಿ ಇದೊಂದು ಬುದ್ಧಿವಂತಿಕೆಯದು ಎಂದು ಆಗ ನನಗೂ ಅನ್ನಿಸಿತು.

ಭಾನುವಾರ ಬೀಗರು ಬಂದರು. ಸಾಬಿತ್ ಬೇ ಕಾರಿನಿಂದ ಇಳಿದದ್ದೇ ಒಂದು ಕವಾಯತು. ಮೊದಲು ಎಡಗಾಲು, ಆಮೇಲೆ ಬಲಗಾಲು, ಆಮೇಲೆ ಮೀಸೆ. ದುರ್ದಾನೆ ಹಾನಿಮ್ ದುಂಡಗಿನ, ನಗುಮುಖದ ಹೆಂಗಸು. ಬೆಲ್ಗಿನ್‌ಳ ಕೆನ್ನೆ ಹಿಡಿದು, "ನನಗೆ ಹೆಣ್ಣುಮಕ್ಕಳಿಲ್ಲಮ್ಮಾ, ಇವತ್ತು ನಿನ್ನ ಕರ್ಕೊಂಡೇ ಹೋಗ್ತೀನಿ," ಎಂದರು. ಓರ್ಹುನ್ ಅಪ್ಪನಿಗಿಂತ ಒಂದು ಗೇಣು ಎತ್ತರ, ಆದರೆ ಅಪ್ಪನ ಪಕ್ಕ ನಿಂತಾಗ ಒಂದು ಗೇಣು ಗಿಡ್ಡ ಕಾಣುತ್ತಿದ್ದ.

ಹೋಟೆಲಿನ ಮುಂದಿನ ಸಾಲು ಹಳೆಯ ಕಮಾನುಗಳ ತನಕ ಹೋಗಿತ್ತು. ಮುಹಿತ್ತಿನ್ ಅದನ್ನು ದಾಟಿ ಸೀದಾ ಬಾಗಿಲಿಗೆ ನಡೆದ.

"ಅಣ್ಣಾ, ಸಾಲು ಹಿಂದಿದೆ," ಎಂದ, ಕುತ್ತಿಗೆಗೆ ಫುಟ್‌ಬಾಲ್ ತಂಡದ ಹಳದಿ ಪಟ್ಟಿ ಸುತ್ತಿಕೊಂಡ ಒಬ್ಬಾತ.

"ನಾನು ಯಜಮಾನನ ಸೈನ್ಯದ ಗೆಳೆಯ."

"ನಾನೂ ಅಷ್ಟೆ," ಎಂದ ಹಳದಿ ಪಟ್ಟಿ.

"ನಾವೂ," ಎಂದರು ಅವನ ಹಿಂದಿನವರು.

"ನನ್ನ ಗಂಡ ತೀರ್ಕೊಂಡ್ರು ಕಣಪ್ಪಾ," ಎಂದಳು ಬಲೆಚೀಲ ಹಿಡಿದ ಒಬ್ಬ ಅಜ್ಜಿ. "ಇಲ್ದಿದ್ರೆ ಅವ್ರೂ ಇವನ ಗೆಳೆಯರೇ. ಹಿಂದಕ್ಕೆ ಹೋಗು."

ಸಾಬಿತ್ ಬೇ ಗಡಿಯಾರ ನೋಡಿಕೊಂಡರು. ಆಮೇಲೆ ಮುಹಿತ್ತಿನ್‌ನನ್ನು ನೋಡಿದರು. ಸಿಗರೇಟು ಸೇದುತ್ತಿದ್ದ ಆ ಬಡಪಾಯಿಯನ್ನೂ ಬಚ್ಚಲಿನ ಬಾಗಿಲಲ್ಲಿ ಹೀಗೆಯೇ ನೋಡಿರಬೇಕು. ಬೆಲ್ಗಿನ್ ನನ್ನ ತೋಳು ಹಿಡಿದುಕೊಂಡಳು. ಮುಹಿತ್ತಿನ್ ಬೇರೆ ದಾರಿ ಕಾಣದೆ, ಜನರ ತಲೆಯ ಮೇಲಿಂದ ಒಳಕ್ಕೆ ಕೂಗಿದ:

"ವೆಯ್ಸೆಲ್! ಸಿವಾಸ್! ಸಿವಾಸ್ ಕಣೋ!"

ಒಳಗೆ ಮಾಂಸ ಕೊಚ್ಚುತ್ತಿದ್ದ ಕತ್ತಿ ನಿಂತಿತು. ವೆಯ್ಸೆಲ್ ಉಸ್ತಾದ್ ತಲೆಯೆತ್ತಿದ. ಅವನ ಕೆಂಪು ಮುಖ ಮೊಸರಿನಂತೆ ಬಿಳಿಚಿದ್ದನ್ನು ನಾನು ಕಣ್ಣಾರೆ ಕಂಡೆ. ಪಾಪ, ಗೆಳೆಯನನ್ನು ಮರೆತ ನಾಚಿಕೆ ಎಂದುಕೊಂಡೆ. ಮರುಗಳಿಗೆ ಅವನು ಕತ್ತಿ ಬಿಸುಟು ಓಡಿ ಬಂದ. ಅವನು ಪೂರ್ವದ ಸಿಯಿರ್ತ್ ಕಡೆಯವನು, ಮಾತೂ ಆ ಕಡೆಯದೇ.

"ಯಪ್ಪಾ ದೇವರೇ! ನೀನೇನೋ! ಎಷ್ಟ್ ವರ್ಷ ಆತೋ ಮಾರಾಯಾ! ಬಾ ಒಳಗ, ಬರ್ರಿ ಎಲ್ಲಾರೂ, ಹೊರಗ್ಯಾಕ ನಿಂತೀರಿ!"

ಇಬ್ಬರೂ ತಬ್ಬಿಕೊಂಡರು. ವೆಯ್ಸೆಲ್ ತಬ್ಬಿದ್ದು ಎಷ್ಟು ಬಿಗಿಯಾಗಿತ್ತೆಂದರೆ ಮುಹಿತ್ತಿನ್‌ಗೆ ಮಾತಾಡಲು ಉಸಿರೇ ಉಳಿಯಲಿಲ್ಲ. ಈಗ ಯೋಚಿಸಿದರೆ ಉಸ್ತಾದನ ಉದ್ದೇಶವೂ ಅದೇ ಇದ್ದಿರಬೇಕು. ಸಾಲು ತೆಪ್ಪಗಾಯಿತು. ಸಾಬಿತ್ ಬೇ ಮೀಸೆ ಒಂದಿಷ್ಟು ಸಡಿಲವಾಯಿತು. ಗೋಡೆಯ ಪಕ್ಕ, ಆ ಚಿತ್ರದ ಕೆಳಗೇ, ನಮಗೆ ಮೇಜು ಸಿಕ್ಕಿತು.

ಊಟ ಶುರುವಾಯಿತು. ಇಬ್ಬರು ಗೆಳೆಯರು ನೆನಪಿನ ಬುತ್ತಿ ಬಿಚ್ಚಿದರು.

"ಏನು ಹಿಮ ಅಲ್ವೇನೋ ವೆಯ್ಸೆಲ್!"

"ಹಿಮಾ ಅಂದ್ರ ಹಿಮ! ಇಲ್ಲೀಮಟ!" ಎಂದು ವೆಯ್ಸೆಲ್ ಸೊಂಟ ತೋರಿಸಿದ.

"ಸೊಂಟದವರೆಗೂ!" ಎಂದು ಮುಹಿತ್ತಿನ್ ಚಿತ್ರವನ್ನು ಒಮ್ಮೆ ಕದ್ದು ನೋಡಿ ಖಚಿತಪಡಿಸಿದ.

"ಮತ್ತ ಚಳಿ?"

"ಚಳಿ ಅಂದ್ರೆ ಚಳಿ!"

ಈ ಮಟ್ಟದ ನೆನಪುಗಳು ಸಾಕಷ್ಟು ಹೊತ್ತು ಹರಿದವು. ಸಿವಾಸಿನಲ್ಲಿ ಹಿಮ, ಚಳಿ ಬಿಟ್ಟು ಬೇರೇನೂ ಇರಲಿಲ್ಲವೆಂದು ಯಾರಾದರೂ ತಿಳಿಯುವಂತಿತ್ತು. ನಾನು ಇನ್ನೊಂದು ವಿಚಿತ್ರ ಗಮನಿಸಿದೆ. ನಮ್ಮ ಮೇಜಿನಲ್ಲಿ ಯಾರಾದರೂ 'ಸಿವಾಸ್' ಎಂದರೆ ಸಾಕು, ವೆಯ್ಸೆಲ್ ಚಪ್ಪಾಳೆ ತಟ್ಟುತ್ತಿದ್ದ, ಹೊಸ ತಟ್ಟೆ ಬರುತ್ತಿತ್ತು. ಸಾಬಿತ್ ಬೇ, "ಸಿವಾಸಿನಲ್ಲಿ ಯಾವ ಕಡೆ ಇದ್ರಿ?" ಎಂದಾಗ ಕೊಬ್ಬು ತೊಟ್ಟಿಕ್ಕುವ ಪಕ್ಕೆಲುಬು ಬಂತು. "ಸಿವಾಸಿನ ಯಾವ ದಳ?" ಎಂದಾಗ ತಾಮ್ರದ ಬಟ್ಟಲುಗಳಲ್ಲಿ ನೊರೆ ಮಜ್ಜಿಗೆ. ಕೊನೆಗೆ ಹಿಟ್ಟಿನ ಮುಸುಕು ಹೊದ್ದ ಬಾದಾಮಿ ಅನ್ನದ ಗೋಪುರ ಬಂದಾಗ ದುರ್ದಾನೆ ಹಾನಿಮ್, "ಇದನ್ನು ಮದುವೆಗೆ ಮಾಡ್ತಾರಲ್ವಾ?" ಎಂದು ಕೇಳಿದರು.

"ಹೌದ್ರೀ ಅಕ್ಕಾರ. ಮುಸುಕಿನ ಒಳಗಿಂದು ಒಳಗ ಇರ್ಲಿ, ಯಾರೂ ಕೆದಕೂದು ಬ್ಯಾಡ ಅಂತ ಅದರ ಅರ್ಥ," ಎಂದು ವೆಯ್ಸೆಲ್ ಬೆವರು ಒರೆಸಿಕೊಳ್ಳುತ್ತ ಹೇಳಿದ.

"ಸರಿ, ಯಾವ ವರ್ಷ ಅದು?" ಎಂದರು ಸಾಬಿತ್ ಬೇ.

ಇಬ್ಬರು ಗೆಳೆಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕ್ಷಣ ಮೌನ. ಮೌನ ಎಂದ ಮೇಲೆ ಮುಹಿತ್ತಿನ್ ಬಿಟ್ಟಾನೆಯೇ?

"ಎಂಬತ್ತೆರಡು!"

"ಎಂಬತ್ತೆರಡ!" ಎಂದ ವೆಯ್ಸೆಲ್, ಮುಳುಗುವವನಿಗೆ ಹಗ್ಗ ಸಿಕ್ಕಿದ ಹಾಗೆ.

ಸಾಬಿತ್ ಬೇ ಕೈಯಲ್ಲಿದ್ದ ಮುಳ್ಳುಚಮಚ ಕೆಳಗಿಟ್ಟರು. "ಎಂಬತ್ತೆರಡರ ಚಳಿಗಾಲ ಸಿವಾಸಿನಲ್ಲಿ ಹೊಸಬರಿಗೆಲ್ಲ ಹವಾಲ್ದಾರ ಆಗಿದ್ದವನು ನಾನು," ಎಂದರು.

ನನ್ನ ಬಾಯೊಳಗಿನ ಅನ್ನ ಅಲ್ಲೇ ನಿಂತಿತು. ವೆಯ್ಸೆಲ್ ಚಪ್ಪಾಳೆ ತಟ್ಟಿದ, ಆದರೆ ತರಲು ಅಡುಗೆಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.

"ನಾನು ಒಬ್ಬ ಸೈನಿಕನ ಮುಖವನ್ನೂ ಮರೆತವನಲ್ಲ," ಎಂದು ಸಾಬಿತ್ ಬೇ ಎದ್ದು, ಮೊದಲು ಮುಹಿತ್ತಿನ್‌ನನ್ನು, ಆಮೇಲೆ ವೆಯ್ಸೆಲ್‌ನನ್ನು ನಿಧಾನವಾಗಿ ನೋಡಿದರು. ನಮ್ಮ ಪ್ರಾಣ ಹೋಯಿತು. ನೀವು ನನ್ನ ಜವಾನರೇ ಅಲ್ಲ ಎನ್ನುತ್ತಾರೆ, ಉಂಗುರ ಬರುವ ಮೊದಲೇ ವಾಪಸು ಹೋಗುತ್ತದೆ. ಆದರೆ ಅವರ ಕಣ್ಣು ದೊಡ್ಡದಾಯಿತು.

"ನೀವೇ!" ಎಂದರು. "ನೀವಿಬ್ಬರೇ! ಇಷ್ಟು ವರ್ಷದಿಂದ ನಿಮ್ಮನ್ನೇ ಹುಡುಕ್ತಿದ್ದೀನಿ! ಹೇಸರಗತ್ತೆ ಬಿಟ್ಟವರು!"

"ಯಾವ ಹೇಸರಗತ್ತೆ?" ಎಂದ ಮುಹಿತ್ತಿನ್.

"ಯಾವ ಹೇಸರಗತ್ತೆಯಂತೆ! ಜನರಲ್ ಸಾಹೇಬ್ರು ತಪಾಸಣೆಗೆ ಬಂದ ದಿನ. ಸಭಾಂಗಣದಲ್ಲಿ ಔತಣ. ಲಾಯದ ಪಹರೆಗೆ ಇಬ್ಬರು ಜವಾನರು. ಬಾಗಿಲು ಹಾಕದೆ ಬೆಚ್ಚಗಿರೋಕೆ ಎಲ್ಲೋ ಹೋಗಿದ್ರಿ. ದಳದ ಹೇಸರಗತ್ತೆ ಎದ್ದು ಬಂತು. ಸೀದಾ ಸಭಾಂಗಣಕ್ಕೆ ಬಂತು. ಇನ್ನೂರು ಜನರ ಮುಂದೆ ಜನರಲ್ ಸಾಹೇಬ್ರ ತಟ್ಟೆಯಿಂದ ಕೋಸಿನ ಪಲ್ಯ ತಿಂತು! ಆ ಗದ್ದಲದಲ್ಲಿ ಪಹರೆಯವರ ಹೆಸರಿನ ಪಟ್ಟಿಯೂ ಕಳೆದುಹೋಯ್ತು. ಹೊಣೆ ಯಾರದು? ಹವಾಲ್ದಾರ ಸಾಬಿತ್‌ದು. ನನ್ನ ಬಡ್ತಿ ನಿಂತು ಹೋಯ್ತು. ಗಡಿ ಕಾಯೋಕೆ ಹಾಕಿದ್ರು. ಮದುವೆಯಾಗಿ ಹೊಸದು ಆಗ!"

"ನಾನು ತವರಲ್ಲಿ ಕೂತು ಅತ್ತಿದ್ದೆ," ಎಂದರು ದುರ್ದಾನೆ ಹಾನಿಮ್, ಅನ್ನ ಬಡಿಸಿಕೊಳ್ಳುತ್ತ.

"ನೀವು ಅವರ ಮುಖ ನೋಡಿದ್ರಾ ಅವತ್ತು?" ಎಂದು ನಾನು ಧೈರ್ಯ ಮಾಡಿ ಕೇಳಿದೆ.

"ಕತ್ತಲಲ್ಲಿ, ಹಿಮದಲ್ಲಿ ಓಡ್ತಿದ್ರು, ಒಬ್ಬನ ಕೈಲಿ ಲಾಂದ್ರ. ಬೆನ್ನು ನೋಡಿದೆ. ನನಗೆ ಬೆನ್ನು ಸಾಕು. ಅಭ್ಯಾಸ ಇದ್ದವನಿಗೆ ಬೆನ್ನೂ ಒಂದು ಮುಖವೇ." ಸಾಬಿತ್ ಬೇ ಮಗನ ಕಡೆ ತಿರುಗಿದರು. "ಓರ್ಹುನ್, ಏಳು. ಪಹರೆ ಬಿಟ್ಟು ಓಡಿದವನ ಮನೆ ಹೆಣ್ಣು ನಮಗೆ ಬೇಡ."

ಓರ್ಹುನ್ ಅರ್ಧ ಎದ್ದು, ಬೆಲ್ಗಿನ್ ಮುಖ ನೋಡಿ ಅರ್ಧ ಕೂತು, ನಡುವೆಯೇ ನಿಂತುಬಿಟ್ಟ. ಬೆಲ್ಗಿನ್ ಕಣ್ಣಲ್ಲಿ ನೀರು ತುಂಬಿತು. ಮುಝೆಯ್ಯೆನ್, "ಅಯ್ಯೋ ಬೀಗರೇ, ನಮ್ಮವರಿಗೆ ಬೆಕ್ಕು ಕಂಡ್ರೇ ಭಯ, ಇನ್ನು ಹೇಸರಗತ್ತೆ ಹತ್ರ ಹೋಗ್ತಾರಾ!" ಎಂದಳು. ಸುತ್ತಲ ಮೇಜಿನವರು ಉಣ್ಣುವುದು ಬಿಟ್ಟು ಕುರ್ಚಿ ತಿರುಗಿಸಿಕೊಂಡರು. ಹಳದಿ ಪಟ್ಟಿಯವನೂ ಬಲೆಚೀಲದ ಅಜ್ಜಿಯೂ ಸಾಲು ಬಿಟ್ಟು ಒಳಗೇ ಬಂದು ನಿಂತರು.

"ಸುಮ್ಮನಿರಿ!" ಎಂದು ಗುಡುಗಿದ ಸಾಬಿತ್ ಬೇ ಇಬ್ಬರು ಆರೋಪಿಗಳ ಕಡೆ ತಿರುಗಿ, ಆ ಹಳೆಯ ಹೋಟೆಲಿನ ಗಾಜುಗಳು ನಡುಗುವಂತೆ ಕೂಗಿದರು:

"ಸಾವಧಾನ್!"

ಇನ್ನೂರು ಜನ ಹಿಡಿಸುವ ಹೋಟೆಲು ಅದು. ಅದರಲ್ಲಿದ್ದ ಗಂಡಸರೆಲ್ಲ, ಬಾಯಲ್ಲಿ ಮಾಂಸವಿದ್ದವರು, ಮೂಳೆ ಚೀಪುತ್ತಿದ್ದವರು, ಕೈ ತೊಳೆಯಲು ಹೋಗುತ್ತಿದ್ದವರು, ಎಲ್ಲ ಒಟ್ಟಿಗೆ ಎದ್ದು ಹಿಮ್ಮಡಿ ಜೋಡಿಸಿ ನಿಂತರು. ಬಡಿಸುವವರು ತಟ್ಟೆ ಸಮೇತ ನಿಂತರು. ಹಳದಿ ಪಟ್ಟಿಯವನು ನಿಂತ. ಮುಹಿತ್ತಿನ್ ಗುಂಡಿ ಹೊಲಿದವನಾದರೂ ಅವನ ಬೆನ್ನು ಕೋಲಿನಂತೆ ನೆಟ್ಟಗಾಯಿತು. ಚಪ್ಪಟೆ ಪಾದವೆಂದು ಸೈನ್ಯದವರು ನನ್ನನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದರು. ಆದರೂ ನಾನು ಪಕ್ಕದವನನ್ನು ನೋಡಿ ಹಾಗೇ ನಿಂತೆ. ಮರ್ಯಾದೆಯ ಪ್ರಶ್ನೆ.

ಒಬ್ಬನೇ ಒಬ್ಬ ನಿಲ್ಲಲಿಲ್ಲ. ವೆಯ್ಸೆಲ್ ಉಸ್ತಾದ್ ಅತ್ತ ಇತ್ತ ನೋಡಿದ. ಒಂದು ಕೈ ಎತ್ತಿದ, ಅದು ಎಡಗೈ. ತಪ್ಪಾಯಿತೆಂದು ಗೊತ್ತಾಗಿ ಬಲಗೈ ಎತ್ತಿದ. ಕೊನೆಗೆ ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕ ಕಳ್ಳನಂತೆ ನಿಂತ.

ಸಾಬಿತ್ ಬೇ ಅವನ ಮೂಗಿನ ಹತ್ತಿರ ಬಂದರು. "ನೀನು ಯಾವ ಸೈನ್ಯದಲ್ಲಿದ್ದೆ?"

"ಯಾವ್ದರಾಗೂ ಇಲ್ರೀ ಸಾಹೇಬ್ರ!" ಎಂದು ವೆಯ್ಸೆಲ್ ಅಳು ಶುರುವಿಟ್ಟುಕೊಂಡ. "ಹೊಟ್ಟಿ ಸರಿ ಇಲ್ಲಂತ ನನ್ನ ಬ್ಯಾಡ ಅಂದ್ರು! ಆ ಫೋಟೋದಾಗ ಇರಾವ ನಮ್ಮಣ್ಣ ರೀ. ಮಂದಿ ನೀನ ಏನೋ ಅಂತ ಕೇಳಿದ್ರು, ಹ್ಞೂಂ ಅಂದೆ. ಈ ಯಪ್ಪಾ ಬಂದು ಸಿವಾಸ್ ಅಂತ ಒದರಿದ ಕೂಡ್ಲೇ ನನ್ನ ಜೀವಾನ ಹೋತು. ಖರೇ ಸಿವಾಸ್ದಾವ ಬಂದಾನ, ಇವತ್ತ ನನ್ನ ಮಾನ ಹೋತು ಅಂತ ಇದ್ದಿದ್ದೆಲ್ಲಾ ತಂದು ಉಣಿಸಿದ್ನಿ!"

ಹೊಟ್ಟೆ ಸರಿಯಿಲ್ಲವೆಂದು ತಿರಸ್ಕೃತನಾದವನು ಇಡೀ ಇಸ್ತಾಂಬುಲಿನ ಹೊಟ್ಟೆ ತುಂಬಿಸುತ್ತಿದ್ದಾನೆ. ಸೈನ್ಯದ ವೈದ್ಯರ ಬಗ್ಗೆ ನಾನು ಏನೂ ಹೇಳಬಯಸುವುದಿಲ್ಲ.

"ಇವನು ಸಿವಾಸಿಗೇ ಹೋಗಿಲ್ಲ ಅಂದ್ರೆ," ಎಂದು ಸಾಬಿತ್ ಬೇ ಮೆಲ್ಲಗೆ ತಿರುಗಿದರು, "ನೀನು ಇವನ ಸೈನ್ಯದ ಗೆಳೆಯ ಹೇಗಾದೆ?"

"ಅಪ್ಪಾ," ಎಂದಳು ಬೆಲ್ಗಿನ್. "ಸಾಕು. ನಿಜ ಹೇಳಿಬಿಡಿ. ಆಗೋದು ಆಗಲಿ."

ಮುಹಿತ್ತಿನ್ ಮಗಳ ಮುಖ ನೋಡಿದ. ಆಮೇಲೆ, ಅವನ ಜೀವನದಲ್ಲಿ ನಾನು ಕಂಡ ಮಟ್ಟಿಗೆ ಮೊದಲ ಸಲ, ಮೌನವನ್ನು ನಿಜದಿಂದ ತುಂಬಿದ.

"ನಾನು ಸಿವಾಸ್ ಕಂಡಿಲ್ಲ ಬೀಗರೇ. ಇಸ್ಪಾರ್ತಾದಲ್ಲಿ ದರ್ಜಿಖಾನೇಲಿ ಗುಂಡಿ ಹೊಲೀತಿದ್ದೆ. ಬಂದೂಕು ಹಿಡಿದದ್ದು ಫೋಟೋ ತೆಗೆಯೋವಾಗ ಮಾತ್ರ. ನಿಮ್ಮ ಮಂಡಿ ನೋವು ಅಂದ್ರಲ್ಲ, ಸಾಲಲ್ಲಿ ನಿಲ್ಲಿಸಬಾರ್ದು ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ತಪ್ಪು ನಂದು. ಮಗಳದೇನೂ ಇಲ್ಲ."

ಇಡೀ ಹೋಟೆಲು ನಿಟ್ಟುಸಿರು ಬಿಟ್ಟಿತು. ಅಜ್ಜಿ ಕಣ್ಣೊರೆಸಿಕೊಂಡಳು. ಇಂಥ ಮಾತಿಗೆ ಕಲ್ಲೂ ಕರಗಬೇಕು. ಸಾಬಿತ್ ಬೇ ಕರಗಲಿಲ್ಲ.

"ಸುಳ್ಳು!" ಎಂದರು.

"ಏನು ಸುಳ್ಳು?"

"ಈಗ ಹೇಳಿದ್ದು! ಸಿಕ್ಕಿಬಿದ್ದ ಮೇಲೆ ಎಲ್ಲರೂ ಇಸ್ಪಾರ್ತಾದವರೇ ಆಗ್ತಾರೆ. ಅಡುಗೆಯವನು ಸೈನಿಕ ಅಲ್ಲ, ಒಪ್ಪಿದೆ. ಆದ್ರೆ ನೀನು ನಿಂತ ರೀತಿ ನೋಡಿದೆ. ಆ ಬೆನ್ನು ನನ್ನದು, ನಾನು ತಯಾರು ಮಾಡಿದ್ದು!"

"ಏನೂಂದ್ರೆ," ಎಂದರು ದುರ್ದಾನೆ ಹಾನಿಮ್, "ಹೋದ ವರ್ಷ ಬುರ್ಸಾದಲ್ಲಿ ಆ ಔಷಧಿ ಅಂಗಡಿಯವನನ್ನೂ ಹೀಗೇ ಹಿಡ್ಕೊಂಡಿದ್ರಿ. ಅದಕ್ಕೆ ಮುಂಚೆ ನಮ್ಮ ಹಲ್ಲಿನ ಡಾಕ್ಟ್ರನ್ನ. ಪಾಪ, ಅವರು ನನ್ನ ಹಲ್ಲು ಅರ್ಧ ಕಿತ್ತು ಓಡಿಹೋದ್ರು."

"ಅವರ ಬೆನ್ನು ಹೋಲ್ತಿತ್ತು. ಇವನದು ಅದೇ." ಸಾಬಿತ್ ಬೇ ಕುರ್ಚಿಯಲ್ಲಿ ಕುಸಿದರು, ಅವರನ್ನು ನೋಡಿ ನಾವೂ ಕೂತೆವು. ಅವರ ದನಿ ಇದ್ದಕ್ಕಿದ್ದಂತೆ ಇಳಿದುಹೋಯಿತು. "ನನಗೇನು ಬಡ್ತಿ ವಾಪಸು ಬೇಕಾ? ಗಡಿಯಲ್ಲಿ ಒಬ್ಬನೇ ಕೂತು ಪ್ರತಿ ದಿನ ಅದೇ ಯೋಚನೆ. ಯಾರಾದ್ರೂ ಒಬ್ಬ ಬಂದು, ತಪ್ಪಾಯ್ತು ಸಾಹೇಬ್ರೆ, ನಾನೇ ಬಾಗಿಲು ಹಾಕಲಿಲ್ಲ ಅಂದಿದ್ರೆ ಸಾಕಿತ್ತು. ಅವನ ಹಣೆಗೆ ಮುತ್ತಿಟ್ಟು ಬಿಟ್ಟುಬಿಡ್ತಿದ್ದೆ. ಅವನು ಬೀಗನಾದ್ರೂ ಸರಿಯೇ."

ಕಲ್ಲಿನಂಥ ಮನುಷ್ಯ ಹಾಗೆ ಕುಸಿದು ಕೂತದ್ದು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬೆಲ್ಗಿನ್ ಕಣ್ಣೊರೆಸಿಕೊಂಡು ಅಪ್ಪನ ಕಿವಿಯ ಹತ್ತಿರ ಬಂದಳು.

"ಅಪ್ಪಾ, ಹೇಸರಗತ್ತೆ ಬಿಟ್ಟದ್ದು ನೀವೇ."

"ನಾನಲ್ಲ ಮಗಳೇ! ಈಗ ತಾನೇ ನೀನೇ ನಿಜ ಹೇಳಿ ಅಂದೆಯಲ್ಲ!"

"ಹೇಳಿದ್ರಲ್ಲ, ಆಯ್ತಲ್ಲ. ಈಗ ಹೇಸರಗತ್ತೆ ಒಪ್ಕೊಳಿ."

"ಒಪ್ಕೋ ಅಣ್ಣಾ," ಎಂದ ಹಳದಿ ಪಟ್ಟಿಯವನು. "ಒಂದು ಪ್ರಾಣಿ ತಾನೇ? ನಮಗೂ ಹೊಟ್ಟೆ ಹಸೀತಿದೆ."

"ನನ್ನ ಗಂಡ ಇದ್ದಿದ್ರೆ ಯಾವಾಗ್ಲೋ ಒಪ್ಕೊಳ್ತಿದ್ರು," ಎಂದಳು ಅಜ್ಜಿ.

ಮುಹಿತ್ತಿನ್ ಎದ್ದು ನಿಂತ. "ತಪ್ಪಾಯ್ತು ಸಾಹೇಬ್ರೆ. ಬಾಗಿಲು ಹಾಕದೆ ಹೋದವನು ನಾನೇ."

ಸಾಬಿತ್ ಬೇ ತಲೆಯೆತ್ತಿದರು. ಅವರ ಕಣ್ಣಲ್ಲಿ ಮೊದಲು ಆಸೆ ಕಂಡಿತು, ಅದರ ಹಿಂದೆಯೇ ಅನುಮಾನ. "ಮಗಳಿಗೋಸ್ಕರ ಹೇಳ್ತಿದ್ದೀಯಾ? ನಿಜವಾಗ್ಲೂ ಅವನೇ ಆದ್ರೆ ಹೇಳು, ಹೇಸರಗತ್ತೆಯ ಹೆಸರೇನು?"

ಒಂದು ಹೆಣ್ಣುಮಗಳ ಬಾಳು, ಸತ್ತು ಎಷ್ಟೋ ಕಾಲವಾಗಿರಬಹುದಾದ ಒಂದು ಹೇಸರಗತ್ತೆಯ ಹೆಸರಿನ ಮೇಲೆ ನಿಂತಿತ್ತು. ಮುಹಿತ್ತಿನ್ ಸುತ್ತ ನೋಡಿದ. ಗಂಡನ ಬೆನ್ನ ಹಿಂದೆ ಕೂತಿದ್ದ ದುರ್ದಾನೆ ಹಾನಿಮ್ ಕತ್ತಿನ ಸರದಲ್ಲಿದ್ದ ದೃಷ್ಟಿ ತೆಗೆಯುವ ನೀಲಿ ಮಣಿಯನ್ನು ಎರಡು ಬೆರಳಲ್ಲಿ ಹಿಡಿದು, ಹುಬ್ಬು ಹಾರಿಸುತ್ತ ಅಲ್ಲಾಡಿಸುತ್ತಿದ್ದರು. ಇಷ್ಟು ವರ್ಷ ಈ ಕಥೆಯನ್ನು ಕೇಳಿದವರಿಗೆ ಹೆಸರು ಗೊತ್ತಿರದೆ ಇರುತ್ತದೆಯೇ?

ಮುಹಿತ್ತಿನ್ ಕಣ್ಣು ಕಿರಿದು ಮಾಡಿ ನೋಡಿದ. "ಗುಂಡಿ," ಎಂದ.

"ಏನು?"

ನಾನು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ದುರ್ದಾನೆ ಹಾನಿಮ್ ಮಣಿಯನ್ನು ಕಣ್ಣಿಗೇ ತಾಗಿಸಿಕೊಂಡು ತೋರಿಸಿದರು.

"ಮಣಿ!" ಎಂದು ಕೂಗಿದ ಮುಹಿತ್ತಿನ್. "ಅದರ ಹೆಸರು ಮಣಿ! ಗುಂಡಿ ಅಂತ ಪ್ರೀತಿಯಿಂದ ನಾನು ಕರೀತಿದ್ದೆ!"

ಸಾಬಿತ್ ಬೇ ಎದ್ದು ಬಂದರು. ಮುಹಿತ್ತಿನ್‌ನ ಎರಡೂ ಭುಜ ಹಿಡಿದರು. ಮೀಸೆ ನಡುಗಿತು, ಕಣ್ಣೀರು ಕೆನ್ನೆಗಿಳಿಯಿತು. "ಮಣಿ," ಎಂದರು, "ಹೌದು, ನಮ್ಮ ಮಣಿ!" ಅವನ ಹಣೆಗೆ ಮುತ್ತಿಟ್ಟು, "ಹೆಣ್ಣು ನಮ್ಮದು! ಓರ್ಹುನ್, ಕೈಗೆ ಮುತ್ತಿಡೋ ನಿಮ್ಮ ಮಾವಂಗೆ!" ಎಂದರು. ಹೋಟೆಲು ಚಪ್ಪಾಳೆಯಿಂದ ತುಂಬಿತು. ವೆಯ್ಸೆಲ್ ಎಲ್ಲ ಮೇಜಿಗೂ ಚಹಾ ಹೇಳಿದ. ಹೆಂಗಸರು ತಬ್ಬಿಕೊಂಡರು. ಬೆಲ್ಗಿನ್ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ, ನನಗಂತೂ ಹೊಟ್ಟೆ ತುಂಬಿ ಸಂತೋಷವಾಗಿತ್ತು. ಮನೆಗೆ ಹೋಗಿ ಷಡ್ಡಕನನ್ನು ಹೇಗೆಲ್ಲ ಗೇಲಿ ಮಾಡಬಹುದೆಂದು ಲೆಕ್ಕ ಹಾಕುತ್ತ ಚಹಾದ ಲೋಟ ಎತ್ತಿದೆ.

"ಒಂದು ನಿಮಿಷ," ಎಂದರು ಸಾಬಿತ್ ಬೇ.

ತಬ್ಬಿಕೊಂಡಿದ್ದವರು ಕೈ ಬಿಟ್ಟರು.

"ಪಹರೆಯಲ್ಲಿ ಇಬ್ಬರಿದ್ರು. ಒಬ್ಬ ಇವನು. ಅಡುಗೆಯವನಂತೂ ಅಲ್ಲ. ಹಾಗಾದ್ರೆ ಲಾಂದ್ರ ಹಿಡಿದಿದ್ದ ಇನ್ನೊಬ್ಬ ಯಾರು?"

ಅವರ ಕಣ್ಣು ಮೇಜಿನ ಸುತ್ತ ಒಂದು ಸುತ್ತು ಬಂದು, ನನ್ನ ಮೇಲೆ ನಿಂತಿತು. ನಾನು ಹಿಂದೆ ನೋಡಿದೆ. ಹಿಂದೆ ಗೋಡೆಯಿತ್ತು. ನನ್ನ ಹೆಂಡತಿಯ ಮೊಣಕೈ ನನ್ನ ಪಕ್ಕೆಗೆ ತಿವಿಯಿತು. ಬೆಲ್ಗಿನ್, ನಾನು ಹೆಗಲ ಮೇಲೆ ಹೊತ್ತು ಆಡಿಸಿದ ಹುಡುಗಿ, ಎರಡೂ ಕೈ ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನಾನು ಲೋಟ ಕೆಳಗಿಟ್ಟೆ. ಚಪ್ಪಟೆ ಪಾದಗಳನ್ನು ಜೋಡಿಸಿ ಎದ್ದು ನಿಂತೆ.

"ನಾನೇ ಸಾಹೇಬ್ರೆ," ಎಂದೆ. "ಗಾಳಿ ಜೋರಾಗಿತ್ತು. ಲಾಂದ್ರ ಆರಿಹೋಯ್ತು."